ನಾನಕ್ ಝೀರಾ ಲಂಗರಿನ ರಾತ್ರಿ ಸೇವೆ: ಪೋರ್ನ್ ಚಟ ಬಿಡುತ್ತಿರುವವನ ವಿಮರ್ಶೆ

ಬೀದರಿನ ಗುರುದ್ವಾರ ನಾನಕ್ ಝೀರಾ ಸಾಹಿಬ್ ಬಗ್ಗೆ ಬರೆಯುವವರು ಹೆಚ್ಚಾಗಿ ಝರಿಯ ನೀರು, ಆವರಣದ ಸ್ವಚ್ಛತೆ, ಎಲ್ಲರಿಗೂ ಸಿಗುವ ಊಟ ಇವನ್ನು ಬರೆಯುತ್ತಾರೆ. ಅದೆಲ್ಲ ನಿಜ. ನಾನು ಬರೆಯುತ್ತಿರುವುದು ಅಲ್ಲಿ ಉಂಡದ್ದನ್ನಲ್ಲ, ಬಡಿಸಿದ್ದನ್ನು, ತಟ್ಟೆ ತೊಳೆದದ್ದನ್ನು. ಪೋರ್ನ್ ನೋಡುವ ಚಟದಿಂದ ಹೊರಗೆ ಬರಲು ನನಗೆ ಆಸರೆಯಾದವುಗಳಲ್ಲಿ ಇಲ್ಲಿನ ಲಂಗರ್ (ಎಲ್ಲರಿಗೂ ಪುಕ್ಕಟೆ ಊಟ ಹಾಕುವ ಅಡುಗೆಮನೆ) ಸೇವೆಯ ಪಾಲು ದೊಡ್ಡದು. ನಮ್ಮ ಕಡೆ ಕುಡಿತದ ಮಾತನ್ನು ಕಟ್ಟೆಯ ಮೇಲೆ ಕೂತು ಆಡುತ್ತಾರೆ, ಇಸ್ಪೀಟಿನ ಮಾತನ್ನೂ ಆಡುತ್ತಾರೆ, ಈ ಚಟದ ಮಾತು ಬಂದರೆ ಎದ್ದು ಹೋಗುತ್ತಾರೆ. ಒಬ್ಬನೇ ಕೋಣೆಯಲ್ಲಿ ಕೂತು ಇದನ್ನು ಓದುತ್ತಿರುವ ಯಾರಿಗಾದರೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಊರಿಗೆ ಹೊಸಬರಿಗಾಗಿ ಮೊದಲು ಜಾಗದ ಪರಿಚಯ. ಮೂರು ಕಡೆ ಕೆಂಪು ಜಂಬಿಟ್ಟಿಗೆಯ ಗುಡ್ಡ, ನಡುವಿನ ತಗ್ಗಿನಲ್ಲಿ ಗುರುದ್ವಾರ. ಹದಿನಾರನೇ ಶತಮಾನದ ಆರಂಭದಲ್ಲಿ, ದಕ್ಷಿಣದ ಕಡೆಗಿನ ಪ್ರಯಾಣದಲ್ಲಿ ಗುರು ನಾನಕರು ಇಲ್ಲಿಗೆ ಬಂದಿದ್ದರೆಂದು ನಂಬಿಕೆ. ಆಗ ಬೀದರಿನ ನೀರು ಸವಳು, ಜನ ಗೋಳಾಡುತ್ತಿದ್ದರು. ನಾನಕರು ಪಾದದಿಂದ ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತು ಎನ್ನುತ್ತಾರೆ. ಆ ಝರಿ ಇವತ್ತಿಗೂ ಬಂಡೆಯ ಸಂದಿನಿಂದ ಹರಿದು ಅಮೃತಕುಂಡಕ್ಕೆ ಬರುತ್ತದೆ. ಈಗಿನ ಗುರುದ್ವಾರ ಕಟ್ಟಿದ್ದು 1948ರಲ್ಲಿ. ನಾಂದೇಡದ ಹಜೂರ್ ಸಾಹಿಬ್‌ಗೆ ಹೋಗುವ ಯಾತ್ರಿಕರು ಇಲ್ಲಿಗೂ ಬರುವುದರಿಂದ ಪಂಜಾಬಿನ ಬಸ್ಸುಗಳು ವರ್ಷವಿಡೀ ಕಾಣುತ್ತವೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಒಬ್ಬರು, ಭಾಯಿ ಸಾಹಿಬ್ ಸಿಂಗ್, ನಮ್ಮ ಬೀದರಿನವರು, ಕ್ಷೌರಿಕರ ಮನೆತನದವರು. ಹಾಗಾಗಿ ಈ ಜಾಗ ನಮಗೆ ಹೊರಗಿನದು ಅನ್ನಿಸಿಲ್ಲ. ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ಹನ್ನೆರಡನೇ ಶತಮಾನದ ಶರಣರು ಕಾಯಕ, ದಾಸೋಹ ಎಂದು ಬದುಕಿ ತೋರಿಸಿದ್ದಾರೆ. ಉಣಿಸುವುದನ್ನು ಪೂಜೆಗಿಂತ ಮೇಲೆ ಇಟ್ಟ ನೆಲ ಇದು.

ಇನ್ನು ನನ್ನ ವಿಷಯ. ಗಾಂಧಿಗಂಜಿನಲ್ಲಿ ಬೀಜ, ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. 2016ರ ಸೆಪ್ಟೆಂಬರಿನಲ್ಲಿ ಡೇಟಾ ಪುಕ್ಕಟೆ ಸಿಗುವ ಸಿಮ್ಮಿಗೆ ಊರೂರಲ್ಲಿ ಸಾಲು ಹತ್ತಿತ್ತಲ್ಲ, ಆ ಸಾಲಿನಲ್ಲಿ ನಾನೂ ನಿಂತಿದ್ದೆ. ಅಲ್ಲಿಯ ತನಕ ಒಂದು ವಿಡಿಯೋ ಇಳಿಸಿಕೊಳ್ಳಲು ರೊಕ್ಕದ ಲೆಕ್ಕ ಹಾಕಬೇಕಿತ್ತು. ಆಮೇಲೆ ತಡೆ ಇರಲಿಲ್ಲ. ಮೊದಲು ಮಲಗುವ ಮುಂಚೆ, ನಂತರ ಅಂಗಡಿಯ ಗೋದಾಮಿನ ಹಿಂದೆ, ಆಮೇಲೆ ಹೆಂಡತಿ ಮಲಗಿದ ಮೇಲೆ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು. ನೋಡಿದ್ದರಿಂದ ಸಂತೋಷ ಆಗುವುದು ಎಂದೋ ನಿಂತುಹೋಗಿತ್ತು, ನೋಡುವುದು ನಿಲ್ಲಲಿಲ್ಲ. ಹೆಂಡತಿಯ ಜೊತೆ ಮಾತು ಕಡಿಮೆಯಾಯಿತು. ನಿದ್ದೆ ಹಾಳಾಗಿ ಲೆಕ್ಕದ ಪುಸ್ತಕದಲ್ಲಿ ಅಂಕಿ ತಪ್ಪತೊಡಗಿದವು.

ನಡುವೆ 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಮೇಲೆ ಕೇಂದ್ರ ಸರ್ಕಾರ 827 ತಾಣಗಳನ್ನು ಮುಚ್ಚಿಸಿತು. ಪೇಪರಿನಲ್ಲಿ ಓದಿ ಇನ್ನು ನನ್ನ ಕಷ್ಟ ತೀರಿತು ಅಂದುಕೊಂಡೆ. ತೀರಲಿಲ್ಲ. ಆ ತಡೆ ದಾಟಿಸುವ ವಿಪಿಎನ್ ಹಾಕಿಕೊಳ್ಳುವುದನ್ನು ಹೇಳಿಕೊಡುವವರು ಅಂಗಡಿಯ ಮುಂದೆಯೇ ಇದ್ದರು. ತಡೆ ಹಾಕುವ ಆ್ಯಪಿಗೆ ದುಡ್ಡು ಕೊಟ್ಟೆ. ಅದರ ಗುಪ್ತಸಂಖ್ಯೆ ನನಗೇ ಗೊತ್ತಿರುವಾಗ ಅದು ಏನು ತಡೆದೀತು? ದೂರದ ಊರಿನ ಒಂದು ಖಾಸಗಿ ಚಿಕಿತ್ಸಾ ಕೇಂದ್ರಕ್ಕೂ ಹೋಗಿ ಬಂದೆ. ಅಲ್ಲಿ ಹತ್ತು ಜನರ ಮುಂದೆ ನಿಲ್ಲಿಸಿ ಬೈದರು, ಯಾವುದೋ ಪುಡಿ ಕೊಟ್ಟು ದೊಡ್ಡ ಮೊತ್ತದ ಬಿಲ್ ಮಾಡಿದರು. ನಾಚಿಕೆಯಿಂದ ಹುಟ್ಟಿದ ಚಟಕ್ಕೆ ಇನ್ನಷ್ಟು ನಾಚಿಕೆಯನ್ನೇ ಮದ್ದು ಅಂತ ಕೊಟ್ಟರೆ ಅದು ಇಮ್ಮಡಿಯಾಗುತ್ತದೆ. ಅಲ್ಲಿಂದ ಬಂದ ರಾತ್ರಿಯೇ ನೋಡಿದೆ.

ನಿಜವಾದ ಸಹಾಯ ಶುರುವಾದದ್ದು 14416ಕ್ಕೆ ಫೋನ್ ಮಾಡಿದ ಮೇಲೆ. ಇದು ಟೆಲಿಮಾನಸ್, 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಣ ಇಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯಿಂದ ಮಾತಾಡಿದ ಹೆಣ್ಣುಮಗಳು ನನ್ನ ಧ್ವನಿ ನಡುಗುವುದನ್ನು ಕೇಳಿಯೂ ಅವಸರ ಮಾಡಲಿಲ್ಲ. “ಆಸೆ ಯಾವ ಹೊತ್ತಿನಾಗ ಬರ್ತದ, ಎಲ್ಲಿ ಕೂತಾಗ ಬರ್ತದ, ಅದಕ್ಕಿಂತ ಮೊದಲು ಏನಾಗಿರ್ತದ, ಮೂರೂ ಬರದಿಡ್ರಿ” ಅಂದರು. ಬರೆದಿಟ್ಟೆ. ಹೆಚ್ಚುಕಡಿಮೆ ಎಲ್ಲವೂ ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ, ಒಬ್ಬನೇ ಇದ್ದಾಗ, ಮಾಲೀಕರ ಕೈಲಿ ಮಾತು ಕೇಳಿದ ದಿನ ಇಲ್ಲವೇ ಹೊತ್ತಿಗೆ ಸರಿಯಾಗಿ ಉಣ್ಣದ ದಿನ.

ಆ ಹಾಳೆ ಹಿಡಿದುಕೊಂಡು ಒಬ್ಬ ಮನೋವೈದ್ಯರ ಹತ್ತಿರ ಹೋದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿಯಲ್ಲಿ, 2022ರಿಂದ ಜಾರಿಗೆ ಬಂದದ್ದರಲ್ಲಿ, ಲೈಂಗಿಕ ನಡವಳಿಕೆ ಹತೋಟಿ ತಪ್ಪುವುದನ್ನು ಒಂದು ಕಾಯಿಲೆಯಾಗಿ ಸೇರಿಸಿದ್ದಾರೆ ಎಂದು ಅವರಿಂದಲೇ ತಿಳಿಯಿತು. ಅದನ್ನು ಮಾದಕ ವಸ್ತುಗಳ ವ್ಯಸನದ ಸಾಲಿನಲ್ಲಿ ಇಟ್ಟಿಲ್ಲ, ತುಡಿತ ತಡೆಯಲಾಗದ ತೊಂದರೆಗಳ ಸಾಲಿನಲ್ಲಿ ಇಟ್ಟಿದ್ದಾರೆ. ಇನ್ನೊಂದು ಮಾತನ್ನೂ ಅವರು ಒತ್ತಿ ಹೇಳಿದರು: ನೋಡಿದ್ದಕ್ಕೆ ಪಾಪ ಅನ್ನಿಸಿತು ಎಂಬ ಒಂದೇ ಕಾರಣಕ್ಕೆ ಅದು ಕಾಯಿಲೆ ಆಗುವುದಿಲ್ಲ, ಕೆಲಸ, ಸಂಸಾರ, ಆರೋಗ್ಯ ಕೆಡುತ್ತಿರುವುದು ಕಣ್ಣಿಗೆ ಕಂಡರೂ, ಮತ್ತೆ ಮತ್ತೆ ಬಿಡಲು ನೋಡಿದರೂ, ತಿಂಗಳುಗಟ್ಟಲೆ ಬಿಡಲಾಗದಿದ್ದರೆ ಆಗ. ಕೊನೆಗೆ ಹಾಳೆ ನೋಡಿ ಕೇಳಿದರು: “ಒಂಬತ್ತರಿಂದ ಹನ್ನೊಂದು ಬಿಡ್ತೀನಿ ಅಂತೀರಿ. ಆ ಹೊತ್ತಿನಾಗ ಏನ ಮಾಡ್ತೀರಿ, ಅದು ಹೇಳ್ರಿ.” ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನಾನಕ್ ಝೀರಾದ ಕಮಾನು ಕಂಡಿತು. ರಾತ್ರಿ ಹೊತ್ತಿನಲ್ಲೂ ಬಾಗಿಲು ತೆರೆದಿರುವ, ಜನ ಇರುವ, ಕೆಲಸ ಇರುವ ಜಾಗ ನನಗೆ ತಿಳಿದ ಮಟ್ಟಿಗೆ ಅದೊಂದೇ.

ಸೇವೆಗೆ ಸೇರಿಕೊಳ್ಳುವುದು ಎಷ್ಟು ಸುಲಭ ಅಂದರೆ ಮೊದಲ ದಿನ ನಂಬಲಾಗಲಿಲ್ಲ. ಹೆಸರು ಬರೆಸುವುದಿಲ್ಲ. ಜಾತಿ, ಧರ್ಮ, ಕೆಲಸ ಯಾವುದನ್ನೂ ಕೇಳುವುದಿಲ್ಲ. ಚಪ್ಪಲಿ ಬಿಡಬೇಕು, ಕೈಕಾಲು ತೊಳೆಯಬೇಕು, ತಲೆಗೆ ಬಟ್ಟೆ ಕಟ್ಟಬೇಕು. ಕರವಸ್ತ್ರ ಇದ್ದರೂ ನಡೆಯುತ್ತದೆ. ತಂಬಾಕು, ಗುಟ್ಕಾ, ಸಾರಾಯಿ ಒಳಗೆ ತರುವ ಹಾಗಿಲ್ಲ. ಪಾತ್ರೆ ತೊಳೆಯುವ ಕಡೆ ಹೋಗಿ ನಿಂತರೆ ಯಾರೋ ಸ್ವಲ್ಪ ಸರಿದು ಜಾಗ ಕೊಡುತ್ತಾರೆ. ಅಷ್ಟೇ. “ಯಾಕ ಬಂದಿ” ಅನ್ನುವ ಪ್ರಶ್ನೆ ಬರುತ್ತದೆಂದು ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಹೋಗಿದ್ದೆ. ಆ ಪ್ರಶ್ನೆ ಇವತ್ತಿನ ತನಕ ಬಂದಿಲ್ಲ.

ಮೊದಲ ವಾರಗಳಲ್ಲಿ ಬರೀ ತಟ್ಟೆ ತೊಳೆದೆ. ಸ್ಟೀಲ್ ತಟ್ಟೆಗಳ ರಾಶಿ ಕರಗುತ್ತದೆ, ಮತ್ತೆ ಬೆಳೆಯುತ್ತದೆ. ಒಬ್ಬರು ಉಳಿದದ್ದನ್ನು ಬಳಿದು ಹಾಕುತ್ತಾರೆ, ಒಬ್ಬರು ಸೋಪಿನ ನೀರಿನಲ್ಲಿ ಉಜ್ಜುತ್ತಾರೆ, ಮುಂದಿನವರು ಜಾಲಾಡಿಸುತ್ತಾರೆ, ಅದರ ಮುಂದಿನವರು ಇನ್ನೊಮ್ಮೆ ಜಾಲಾಡಿಸುತ್ತಾರೆ. ಎರಡೂ ಕೈ ಮೊಣಕೈ ತನಕ ಒದ್ದೆ. ಜೇಬಿನಲ್ಲಿ ಫೋನ್ ನಡುಗಿದರೂ ತೆಗೆಯಲು ಆಗುವುದಿಲ್ಲ. ಆಮೇಲೆ ನಾನು ಅದನ್ನು ಮನೆಯಲ್ಲೇ ಬಿಟ್ಟು ಬರಲು ಕಲಿತೆ. ಫೋನ್ ತರಬಾರದು ಅಂತ ಅಲ್ಲಿ ಯಾವ ನಿಯಮವೂ ಇಲ್ಲ, ಅದು ನಾವೇ ಹಾಕಿಕೊಳ್ಳಬೇಕಾದ ಕಟ್ಟು.

ತುಡಿತದ ಬಗ್ಗೆ ವೈದ್ಯರು ಹೇಳಿದ್ದನ್ನು ನಾನು ಮೈಯಲ್ಲಿ ಅರಿತದ್ದು ಆ ತೊಟ್ಟಿಯ ಮುಂದೆ. ಅದು ಏರುತ್ತದೆ, ತುದಿಗೆ ಮುಟ್ಟುತ್ತದೆ, ನಾವೇನೂ ಮಾಡದೆ ಬಿಟ್ಟರೆ ತಾನಾಗಿ ಇಳಿಯುತ್ತದೆ. ಮನೆಯಲ್ಲಿ ಒಬ್ಬನೇ ಇದ್ದಾಗ ಆ ಏರು ಹೊತ್ತನ್ನು ತಾಳಿಕೊಳ್ಳಲು ನನ್ನಿಂದ ಎಂದೂ ಆಗಿರಲಿಲ್ಲ. ಅದು ಇಳಿಯುತ್ತದೆ ಎಂಬುದೇ ಗೊತ್ತಿರಲಿಲ್ಲ. ಇಲ್ಲಿ ಅಕ್ಕಪಕ್ಕ ಜನ, ಮುಂದೆ ತಟ್ಟೆ, ಬಿಟ್ಟು ಹೋದರೆ ಸಾಲು ತುಂಡಾಗುತ್ತದೆ. ಹೊಟ್ಟೆಯಲ್ಲಿ ಶುರುವಾದ ಕಸಿವಿಸಿ ಕಿವಿ ಬಿಸಿಯಾಗುವ ತನಕ ಏರಿ, ಆಮೇಲೆ ಎಲ್ಲಿ ಹೋಯಿತೋ ತಿಳಿಯದೆ ಹೋದ ಮೊದಲ ರಾತ್ರಿ ನನಗೆ ಅಳು ಬಂತು. ಮುಖ ಹೇಗೂ ನೀರಿನಿಂದ ಒದ್ದೆಯಾಗಿತ್ತು, ಯಾರಿಗೂ ತಿಳಿಯಲಿಲ್ಲ.

ಆದರೆ ನಾನು ಈ ಸೇವೆಗೆ ಪೂರ್ತಿ ಅಂಕ ಕೊಡುವುದು ಬಡಿಸುವ ಕೆಲಸಕ್ಕಾಗಿ. ಲಂಗರಿನಲ್ಲಿ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರುತ್ತಾರೆ. ದಾಲ್, ಪಲ್ಯ, ಅನ್ನ ತಟ್ಟೆಗೆ ಬೀಳುತ್ತದೆ. ರೊಟ್ಟಿಗೆ ಮಾತ್ರ ಉಣ್ಣುವವರು ಎರಡೂ ಅಂಗೈ ಚಾಚುತ್ತಾರೆ, ಅದನ್ನು ಪ್ರಸಾದದ ಹಾಗೆ ಕೈಗೇ ಕೊಡಬೇಕು. ಅಲ್ಲಿ ರೊಟ್ಟಿಗೆ ಪರ್ಶಾದಾ ಎಂದೇ ಹೇಳುವುದು. ಮೊದಲ ಸಲ ಬುಟ್ಟಿ ಹಿಡಿದು ಹೊರಟಾಗ ನಾನು ತಲೆ ತಗ್ಗಿಸಿ ಬರೀ ಕೈಗಳನ್ನು ನೋಡುತ್ತ ಬೇಗ ಬೇಗ ಹಾಕುತ್ತಿದ್ದೆ. ಬೀದರಿನಲ್ಲೇ ಹುಟ್ಟಿ ಬೆಳೆದ ವಯಸ್ಸಾದ ಸರ್ದಾರರೊಬ್ಬರು ಹಿಂದಿನಿಂದ ಬಂದು ಕಿವಿಯಲ್ಲಿ ಹೇಳಿದರು: “ಬೇಟಾ, ಮಾರಿ ನೋಡಿ ಕೊಡು. ಹಸದವರ ಮಾರಿ ನೋಡಬೇಕು.”

ನನಗೆ ಅದು ಕಷ್ಟದ ಕೆಲಸವಾಗಿತ್ತು. ಯಾಕೆಂದು ಬಿಡಿಸಿ ಹೇಳಬೇಕು. ವರ್ಷಗಟ್ಟಲೆ ಆ ವಿಡಿಯೋಗಳನ್ನು ನೋಡಿದವನ ಕಣ್ಣು ಮುಖದ ಮೇಲೆ ನಿಲ್ಲುವುದನ್ನು ಮರೆತಿರುತ್ತದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲೇ ಹೆಣ್ಣುಮಕ್ಕಳನ್ನು ನೋಡಿದರೂ ಒಂದೇ ರೀತಿ ನೋಡುತ್ತದೆ, ಅದು ತನಗೇ ಗೊತ್ತಾಗಿ ಹೇಸಿಗೆಯಾಗುತ್ತದೆ, ಹೇಸಿಗೆಯಾಗಿ ಎಲ್ಲರ ಮುಖ ತಪ್ಪಿಸತೊಡಗುತ್ತದೆ. ಹೆಂಡತಿಯ ಮುಖವನ್ನೂ ತಪ್ಪಿಸುತ್ತದೆ. ಆ ಪರದೆಯ ಮೇಲೆ ಇದ್ದವಳು ಒಪ್ಪಿ ಬಂದಳೋ, ಯಾರದೋ ಒತ್ತಾಯಕ್ಕೆ ಬಂದಳೋ, ಅವಳಿಗೆ ತಿಳಿಯದೆಯೇ ತೆಗೆದ ವಿಡಿಯೋವೋ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಯೋಚಿಸಿದ್ದರೆ ನೋಡಲು ಆಗುತ್ತಿರಲಿಲ್ಲ.

ಪಂಗತ್ತಿನಲ್ಲಿ, ಅಂದರೆ ಉಣ್ಣಲು ಕೂತವರ ಸಾಲಿನಲ್ಲಿ, ಹಾಗೆ ತಪ್ಪಿಸಿಕೊಳ್ಳಲಾಗುವುದಿಲ್ಲ. ಲುಧಿಯಾನದ ಕಡೆಯ ಅಜ್ಜಿ ಅಂಗೈ ಚಾಚಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳೆ. ನರ್ಸಿಂಗ್ ಓದುವ ಹುಡುಗಿಯರು ಊರಿನಿಂದ ದುಡ್ಡು ಬಾರದ ತಿಂಗಳ ಕೊನೆಗೆ ಗುಂಪಾಗಿ ಬಂದು ಕೂತಿರುತ್ತಾರೆ. ಅವರ ಮುಖದಲ್ಲಿ ಕಾಣುವುದು ದಣಿವು ಮತ್ತು ಹಸಿವು, ಬೇರೇನೂ ಅಲ್ಲ. ಬಿದರಿ ಕೆಲಸದವರ ಬೆರಳು ನೋಡಿದರೆ ಗುರುತು ಸಿಗುತ್ತದೆ. ಸತು, ತಾಮ್ರದ ಪಾತ್ರೆಗೆ ಕೋಟೆಯ ಮಣ್ಣು, ನವಸಾಗರ ತಿಕ್ಕಿ ಕಪ್ಪು ಮಾಡುವ ಕೈ ಅವು. ಭಾಲ್ಕಿ ಕಡೆಯಿಂದ ಆಸ್ಪತ್ರೆಗೆ ಬಂದು ಬಸ್ಸು ತಪ್ಪಿಸಿಕೊಂಡ ಗಂಡ ಹೆಂಡತಿ, ಅವರ ತೊಡೆಯ ಮೇಲೆ ಜ್ವರದ ಕೂಸು. ಇವರೆಲ್ಲ ನನ್ನ ಕಡೆ ನೋಡುತ್ತಾರೆ, ನಾನು ಅವರ ಕಡೆ ನೋಡುತ್ತೇನೆ, ರೊಟ್ಟಿ ಕೈಯಿಂದ ಕೈಗೆ ಹೋಗುತ್ತದೆ. ಎಷ್ಟೋ ರಾತ್ರಿ ಹೀಗೆ ನಡೆದ ಮೇಲೆ ಒಂದು ಸಂಜೆ ಅಂಗಡಿಗೆ ಬೀಜ ಕೊಳ್ಳಲು ಬಂದ ಹೆಣ್ಣುಮಗಳ ಜೊತೆ ಮಾತಾಡಿ ಕಳಿಸಿದ ಮೇಲೆ ನನಗೆ ಹೊಳೆಯಿತು: ಅವಳ ತೊಗರಿ ಒಣಗಿದ್ದರ ಬಗ್ಗೆ ಮಾತ್ರ ಯೋಚಿಸಿದ್ದೆ. ಬೇರೆಯವರಿಗೆ ಇದು ಸಣ್ಣದು ಅನ್ನಿಸಬಹುದು. ಈ ಚಟದಲ್ಲಿ ಬಿದ್ದವರಿಗೆ ಗೊತ್ತು ಇದು ಎಷ್ಟು ದೊಡ್ಡದೆಂದು.

ಇನ್ನೊಬ್ಬರಿಗೆ ನೆರವಾಗುತ್ತ ತನ್ನ ಚಟ ಬಿಡುವುದು ನಾನು ಕಂಡುಹಿಡಿದದ್ದೇನಲ್ಲ. 1935ರಲ್ಲಿ ಅಮೆರಿಕದ ಅಕ್ರನ್ ಊರಿನಲ್ಲಿ, ವ್ಯವಹಾರ ಮುರಿದು ಬಿದ್ದು ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದ ಬಿಲ್ ವಿಲ್ಸನ್, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವನು, ಪಕ್ಕದ ಬಾರಿನ ಕಡೆ ಹೋಗದೆ ಫೋನಿನ ಹತ್ತಿರ ಹೋದ. ತನ್ನ ಹಾಗೇ ಕುಡಿತಕ್ಕೆ ಸಿಕ್ಕಿಬಿದ್ದ ಇನ್ನೊಬ್ಬನಿಗೆ ಸಹಾಯ ಮಾಡಬೇಕು, ಯಾರಾದರೂ ಇದ್ದಾರೆಯೇ ಎಂದು ಕೇಳುತ್ತ ಹೋದ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್. ಆ ವರ್ಷದ ಜೂನ್ 10ರಂದು ಬಾಬ್ ಕೊನೆಯ ಸಲ ಕುಡಿದರು. ಅದೇ ದಿನವನ್ನು ಕುಡಿತ ಬಿಡುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ ದಿನ ಎಂದು ಎಣಿಸುತ್ತಾರೆ. ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ಕೊನೆಯದು ಇನ್ನೊಬ್ಬರಿಗೆ ನೆರವಿನ ಕೈ ಚಾಚುವುದು. ಅದೇ ಮೆಟ್ಟಿಲುಗಳನ್ನು ಹಿಡಿದು ಲೈಂಗಿಕ ಚಟಗಳಿಗೂ ಗುಂಪುಗಳು ನಡೆಯುತ್ತವೆ. ಸಿಖ್ಖರ ಬೋಧನೆಯಲ್ಲಿ ಮನುಷ್ಯನನ್ನು ದೋಚುವ ಐವರು ಕಳ್ಳರಿದ್ದಾರೆ: ಕಾಮ, ಕ್ರೋಧ, ಲೋಭ, ಮೋಹ, ಅಹಂಕಾರ. ಆ ಸರ್ದಾರರಿಗೆ ನನ್ನ ಕಥೆ ಗೊತ್ತಿಲ್ಲದೆಯೂ ಒಂದು ದಿನ ಮಾತಿಗೆ ಮಾತು ಬಂದು ಅಂದರು, “ಐದೂ ಕಳ್ಳರಿಗೆ ಒಂದೇ ಬಾಗಿಲ ಅದ, ನಾ, ನಾ ಅನ್ನೋದು.” ಭಾಂಡೆ ತೊಳೆಯುವಾಗ ಆ ಬಾಗಿಲು ಸ್ವಲ್ಪ ಹೊತ್ತು ಮುಚ್ಚಿರುತ್ತದೆ ಎಂಬುದಕ್ಕೆ ನಾನು ಸಾಕ್ಷಿ.

ಇದರ ಮಿತಿಗಳನ್ನೂ ಹೇಳದಿದ್ದರೆ ವಿಮರ್ಶೆ ಪ್ರಾಮಾಣಿಕ ಆಗುವುದಿಲ್ಲ. ಇದು ಗುರುದ್ವಾರ, ಚಿಕಿತ್ಸಾಲಯ ಅಲ್ಲ. ಅಲ್ಲಿ ಯಾರೂ ನಿಮ್ಮ ಚಟದ ಬಗ್ಗೆ ಕೇಳುವುದಿಲ್ಲ, ಹೇಳಿಕೊಳ್ಳಲು ಜಾಗವೂ ಅಲ್ಲ. ಖಿನ್ನತೆ ಇದ್ದವರು, ಜೀವ ಬೇಡ ಅನ್ನಿಸುತ್ತಿರುವವರು ಮೊದಲು ವೈದ್ಯರನ್ನು ಕಾಣಬೇಕು. ನಾನು ಈಗಲೂ ಕಾಣುತ್ತಿದ್ದೇನೆ. ಬೆಂಗಳೂರಿನ ಹತ್ತಿರ ಇರುವವರಿಗೆ ನಿಮ್ಹಾನ್ಸಿನಲ್ಲಿ ಮೊಬೈಲ್, ಇಂಟರ್ನೆಟ್ ಚಟಗಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ.

ಎರಡನೆಯದು ಇನ್ನೂ ಸೂಕ್ಷ್ಮ. ಸೇವೆಯನ್ನು ಪ್ರಾಯಶ್ಚಿತ್ತ ಅಂತ ಮಾಡತೊಡಗಿದರೆ ಅದು ಚಟದ ಜೊತೆಯೇ ಕೈಗೂಡಿಸುತ್ತದೆ. ರಾತ್ರಿ ನೋಡಿದ್ದಕ್ಕೆ ಮರುದಿನ ಎರಡು ತಾಸು ತಟ್ಟೆ ತೊಳೆದು ಲೆಕ್ಕ ಸರಿಮಾಡಿಕೊಂಡೆ ಅನ್ನಿಸುತ್ತದೆ. ಇಲ್ಲವೇ, ಇಷ್ಟೆಲ್ಲ ಸೇವೆ ಮಾಡಿದೆನಲ್ಲ, ಇವತ್ತೊಂದಿನ ನೋಡಿದರೆ ಏನಾದೀತು ಅನ್ನುವ ದನಿ ಏಳುತ್ತದೆ. ಲೆಕ್ಕ ಬರೆಯುವವನಿಗೆ ಈ ಜಮಾಖರ್ಚು ಬಹಳ ಬೇಗ ಒಗ್ಗುತ್ತದೆ. ವೈದ್ಯರ ಮುಂದೆ ಇದನ್ನು ಹೇಳಿದಾಗ ಅವರು ಒಂದು ಕಟ್ಟಳೆ ಹಾಕಿಕೊಟ್ಟರು: ಜಾರಿದ ದಿನವೂ ಹೋಗಬೇಕು, ಜಾರದ ದಿನವೂ ಹೋಗಬೇಕು, ಎರಡು ದಿನವೂ ಅಷ್ಟೇ ಹೊತ್ತು. ಹೆಚ್ಚು ಮಾಡಬಾರದು. ಈ ಕಟ್ಟಳೆ ನನ್ನನ್ನು ಉಳಿಸಿತು ಎಂದೇ ಹೇಳುತ್ತೇನೆ. ಜಾರುವುದು ಪೂರ್ತಿ ನಿಂತಿಲ್ಲ, ಬಹಳ ಅಪರೂಪವಾಗಿದೆ. ಜಾರಿದಾಗ ಮರುದಿನ ಮುಖ ಮುಚ್ಚಿಕೊಂಡು ಮಲಗುವುದಿಲ್ಲ, ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗುತ್ತೇನೆ.

ಮೂರನೆಯದು ಸಂಸಾರದ ಮಾತು. ಊರಿಗೆಲ್ಲ ಬಡಿಸಿ ಬಂದು ಮನೆಯಲ್ಲಿ ತಟ್ಟೆ ಎತ್ತದಿದ್ದರೆ ಆ ಸೇವೆಯಿಂದ ಏನೂ ಆಗುವುದಿಲ್ಲ. ನಮ್ಮ ಮನೆಯವಳಿಗೆ ನಾನು ವಿಷಯ ಹೇಳಿದ್ದು ಸೇವೆ ಶುರುಮಾಡಿ ಕೆಲ ತಿಂಗಳಾದ ಮೇಲೆ, ವೈದ್ಯರ ಮುಂದೆಯೇ. ಅವಳಿಗೆ ಆದ ನೋವನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ಅವಳು ಒಂದೇ ಮಾತು ಕೇಳಿದಳು: “ಅಲ್ಲಿ ಮಂದಿಗಿ ಮಾರಿ ನೋಡಿ ರೊಟ್ಟಿ ಕೊಡ್ತೀರಿ ಅಂತೀರಲ್ಲ, ನನ್ನ ಮಾರಿ ಯಾವಾಗ ನೋಡೀರಿ?” ಆವತ್ತಿನಿಂದ ವಾರದಲ್ಲಿ ಗುರುದ್ವಾರಕ್ಕೆ ಹೋಗುವ ರಾತ್ರಿಗಳನ್ನು ಅರ್ಧಕ್ಕೆ ಇಳಿಸಿದೆ. ಉಳಿದ ರಾತ್ರಿ ಮನೆಯಲ್ಲೇ ಅಡುಗೆಯ ಪಾತ್ರೆ ನನ್ನ ಪಾಲು, ಫೋನ್ ಅವಳ ಹತ್ತಿರ. ಕೆಲವು ಭಾನುವಾರ ಅವಳೂ ಬರುತ್ತಾಳೆ, ರೊಟ್ಟಿ ಲಟ್ಟಿಸುವ ಹೆಂಗಸರ ಗುಂಪಿನಲ್ಲಿ ಕೂರುತ್ತಾಳೆ. ನಮ್ಮ ನಡುವೆ ಎಲ್ಲ ಸರಿಹೋಗಿದೆ ಎಂದು ಹೇಳಲಾರೆ. ಮಾತು ಮತ್ತೆ ಶುರುವಾಗಿದೆ.

ಬರಬೇಕು ಅನ್ನುವವರಿಗೆ ಒಂದಿಷ್ಟು ಸೂಚನೆ. ಹಿಂದಿ ಬಂದರೆ ಸುಲಭ. ಬರದಿದ್ದರೂ ಕನ್ನಡ, ದಖ್ಖನಿ ತಿಳಿಯುವವರು ಸಿಗುತ್ತಾರೆ, ತೊಳೆಯುವ ಕೆಲಸಕ್ಕೆ ಭಾಷೆ ಬೇಕಾಗುವುದೂ ಇಲ್ಲ. ಪಾತ್ರೆ ತೊಳೆಯುವ ಕಡೆ ನೆಲ ಜಾರುತ್ತದೆ, ಪ್ಯಾಂಟು ಮಡಚಿಕೊಳ್ಳಿ. ಕೈಗೆ ಸೋಪು ಆಗದವರು ಜೋಡಾಘರಿನಲ್ಲಿ ಚಪ್ಪಲಿ ಕಾಯಬಹುದು, ಕಸ ಗುಡಿಸಬಹುದು, ಬೆಳ್ಳುಳ್ಳಿ ಸುಲಿಯಬಹುದು. ಮೊದಲು ಪಂಗತ್ತಿನಲ್ಲಿ ಕೂತು ಉಣ್ಣಿ, ಆಮೇಲೆ ಕೆಲಸಕ್ಕೆ ನಿಲ್ಲಿ. ಹಸಿದ ಹೊಟ್ಟೆಯಲ್ಲಿ ತುಡಿತ ಜಾಸ್ತಿ. ಒಂದೇ ಹೊತ್ತನ್ನು ಗೊತ್ತುಮಾಡಿಕೊಂಡು ಬನ್ನಿ, ನಿಮಗೆ ಅತಿ ಕಷ್ಟದ ಹೊತ್ತು ಯಾವುದೋ ಅದನ್ನೇ ಆರಿಸಿಕೊಳ್ಳಿ. ಬೆಂಗಳೂರಿನವರಿಗೆ ಹಲಸೂರು ಕೆರೆಯ ಹತ್ತಿರದ ಗುರುದ್ವಾರದಲ್ಲೂ ಲಂಗರ್ ಇದೆ. ಬೇರೆ ಊರಿನವರು ಹತ್ತಿರದ ಮಠದ ದಾಸೋಹದ ಮನೆಯಲ್ಲಿ ಕೇಳಿ ನೋಡಿ. ಬಡಿಸುವ ಕೈ ಬೇಡ ಅನ್ನುವವರು ಕಡಿಮೆ. ಹೋಳಿ, ದಸರಾ, ನಾನಕ್ ಜಯಂತಿಗೆ ನಾನಕ್ ಝೀರಾದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಮೊದಲ ಸಲ ಆ ದಿನಗಳಲ್ಲಿ ಬರಬೇಡಿ. ವಾರದ ನಡುವೆ ಬಂದರೆ ಪಕ್ಕದಲ್ಲಿ ನಿಂತು ಕಲಿಸಿಕೊಡಲು ಜನಕ್ಕೆ ಪುರುಸೊತ್ತು ಇರುತ್ತದೆ.